ಹದಿನೈದು ಸೆಕೆಂಡು

ಇದನ್ನು ಹೇಳದೆ ಬಹಳ ವರ್ಷ ತಳ್ಳಿದೆ. ಮೊದಲು ಮೊಮ್ಮಗಳ ಮದುವೆ ಮುಗಿಯಲಿ ಅಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಅಂದುಕೊಂಡೆ. ಎರಡೂ ಆಯಿತು. ಈಗ ಯಾವ ನೆಪವೂ ಉಳಿದಿಲ್ಲ. ನಾನು ಎಸ್ಸೆಸ್ಸೆಲ್ಸಿ ತನಕ ಓದಿ ಸೈನ್ಯ ಸೇರಿದವನು, ಹವಾಲ್ದಾರನಾಗಿ ಹೊರಬಂದವನು. ಚಂದ ಮಾಡಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅವನನ್ನು ನೆನೆದರೆ ಮೊದಲು ಕಣ್ಣೆದುರು ಬರುವುದು ಒಂದು ಕೆಂಪು ಮುಖ. ಹುಬ್ಬಳ್ಳಿ ರಸ್ತೆಯಲ್ಲಿ ಅದಿರಿನ ಲಾರಿಗಳು ಸಾಲುಗಟ್ಟಿ ಬೇಲೇಕೇರಿ ಬಂದರಿಗೆ ಓಡುತ್ತಿದ್ದ ವರ್ಷಗಳು ಅವು. ಅಗಸೂರಿನಿಂದ ಅಂಕೋಲೆಯ ಕಡಲ ತೀರಕ್ಕೆ ಸೈಕಲ್ಲಿನಲ್ಲಿ ಒಂದು ತಾಸಿನ ದಾರಿ. ಬೆಳಕು ಹರಿಯುವ ಹೊತ್ತಿಗೆ ಅವನು ಬಂದು ಇಳಿದನೆಂದರೆ ತಲೆ, ಹುಬ್ಬು, ಕಿವಿ, ಬನಿಯನ್ನು ಎಲ್ಲದರ ಮೇಲೂ ಅದಿರಿನ ಧೂಳು. ಕಣ್ಣು ಮತ್ತು ಹಲ್ಲು ಮಾತ್ರ ಬಿಳಿ.

"ಏ ಅಗಸೂರು, ಲಾರಿ ಎಂತಕ್ಕೆ ಬೇಕು ಮಾರಾಯಾ? ನಿನ್ನ ಮುಖಾನೇ ಹಡಗಿಗೆ ಹತ್ಸಿದ್ರೆ ಆಯ್ತು!" ಎಂದು ಭಾವಿಕೇರಿಯ ಹುಡುಗ ದಿನಾ ನಗುತ್ತಿದ್ದ.

"ಹತ್ಸು, ಅಡ್ಡಿಲ್ಲ. ತೂಕ ಮಾತ್ರ ಸಮಾ ಹಾಕು," ಎನ್ನುತ್ತಿದ್ದ ಅವನು.

ಎದುರಿಗೇ ಸಮುದ್ರವಿದ್ದರೂ ಓಟ ಮುಗಿಯುವ ತನಕ ಮುಖ ತೊಳೆಯುತ್ತಿರಲಿಲ್ಲ. "ಬೆವರು ಬಂದ್ರೆ ತನ್ನಷ್ಟಕ್ಕೇ ತೊಳೀತದೆ ಉಸ್ತಾದ್" ಎನ್ನುತ್ತಿದ್ದ. ಓಡಿ ಬಂದು ನಿಂತಾಗ ಅವನ ಕೆನ್ನೆಯ ಮೇಲೆ ಬೆವರು ಇಳಿದ ಗೆರೆಗಳು ಕಾಣುತ್ತಿದ್ದವು.

ಉಸ್ತಾದ್ ಎಂದರೆ ನಾನು. ಸೈನ್ಯದಲ್ಲಿ ಕವಾಯತು ಕಲಿಸುವವನನ್ನು ಕರೆಯುವುದೇ ಹಾಗೆ. ನಾನು ತರಬೇತಿ ಕೇಂದ್ರದಲ್ಲಿ ಆರು ವರ್ಷ ಆ ಕೆಲಸ ಮಾಡಿದ್ದೆ. ಊರಿಗೆ ಬಂದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಸೈನ್ಯಕ್ಕೆ ಸೇರಬೇಕೆನ್ನುವ ಹುಡುಗರನ್ನು ಒಟ್ಟು ಮಾಡಿ ಬೆಳಿಗ್ಗೆ ತೀರದಲ್ಲಿ ಓಡಿಸತೊಡಗಿದೆ. ನೀರು ಇಳಿದಾಗ ಗಟ್ಟಿಯಾಗುವ ಒದ್ದೆ ಮರಳೇ ನಮ್ಮ ಮೈದಾನ. ಹಗ್ಗ ಹಿಡಿದು ಅಳೆದು, ಒಂದು ಹಳೇ ದೋಣಿಯಿಂದ ಗಾಳಿಮರದ ತನಕ ಎಂಟುನೂರು ಮೀಟರು ಗುರುತು ಮಾಡಿದ್ದೆ. ಹೋಗಿ ಬಂದರೆ ಸಾವಿರದ ಆರುನೂರು.

ನನ್ನ ಪದ್ಧತಿಗಳು ಕೇಂದ್ರದಿಂದ ಹೊತ್ತು ತಂದವು. ಒಂದು, ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಗಸೂರು, ಭಾವಿಕೇರಿ, ಹಿಲ್ಲೂರು ಎಂದು ಊರಿನಿಂದಲೇ ಕರೆಯುವುದು. "ಭರತಿ ಆಗು, ಆವಾಗ ಹೆಸರು ಕೇಳ್ತೆ" ಎನ್ನುತ್ತಿದ್ದೆ. ಭರತಿಯಾಗಿ, ಅಂದರೆ ಸೈನ್ಯಕ್ಕೆ ಆಯ್ಕೆಯಾಗಿ, ಬಂದವನನ್ನು ಎಲ್ಲರೆದುರು ಅಪ್ಪನ ಹೆಸರು ಸೇರಿಸಿ ಪೂರ್ತಿ ಹೆಸರಿನಿಂದ ಕರೆಯುತ್ತಿದ್ದೆ. ಅದಕ್ಕಾಗಿ ಹುಡುಗರು ಬಾಯಿ ಬಿಡುತ್ತಿದ್ದರು.

ಇನ್ನೊಂದು ಪದ್ಧತಿಯನ್ನು ಹೇಳುವುದಕ್ಕೇ ಇಷ್ಟು ವರ್ಷ ಹಿಡಿಯಿತು. ನಾನು ಓಟದ ಹೊತ್ತನ್ನು ಸುಳ್ಳು ಹೇಳುತ್ತಿದ್ದೆ. ನನ್ನ ಹತ್ತಿರ ಕೀ ಕೊಡುವ ಉಕ್ಕಿನ ಸ್ಟಾಪ್‌ವಾಚು ಇತ್ತು. ಅದು ತೋರಿಸಿದ ಹೊತ್ತಿಗೆ ಹದಿನೈದು ಸೆಕೆಂಡು ಸೇರಿಸಿ ಕೂಗುತ್ತಿದ್ದೆ. ನನಗೆ ಕಲಿಸಿದ ಉಸ್ತಾದನೂ ನಮಗೆ ಹೀಗೇ ಮಾಡಿದ್ದ. ಹಿಂದೆ ಬಿದ್ದೆ ಎಂದು ತಿಳಿದವನು ಇನ್ನಷ್ಟು ಓಡುತ್ತಾನೆ. ನನ್ನ ಲೆಕ್ಕದ ಪುಸ್ತಕದಲ್ಲಿ ಮಾತ್ರ ಎರಡೂ ಹೊತ್ತು ಬರೆಯುತ್ತಿದ್ದೆ, ಒಂದು ಹೇಳಿದ್ದು, ಒಂದು ನಿಜದ್ದು. ಭರತಿಯ ಹಿಂದಿನ ದಿನ ಒಬ್ಬೊಬ್ಬರನ್ನೇ ಆ ಹಳೇ ದೋಣಿಯ ಮರೆಗೆ ಕರೆದು ನಿಜದ ಹೊತ್ತು ತೋರಿಸುತ್ತಿದ್ದೆ. ಆಗ ಅವರ ಮುಖ ನೋಡಬೇಕಿತ್ತು. ಹುಡುಗರು ಅಳುತ್ತಿದ್ದರು, ನನ್ನ ಕಾಲಿಗೆ ಬೀಳುತ್ತಿದ್ದರು. "ಯಾರಿಗೂ ಹೇಳ್ಬೇಡ, ಉಳಿದವ್ರ ಕಾಲು ಸಡ್ಲ ಆಗ್ತದೆ" ಎಂದು ಆಣೆ ಹಾಕಿಸಿ ಕಳಿಸುತ್ತಿದ್ದೆ. ಮರುದಿನ ಕಾರವಾರದ ಭರತಿ ಮೈದಾನದಲ್ಲಿ ಗಾಳಿಯ ಹಾಗೆ ಓಡುತ್ತಿದ್ದರು.

ಅಗಸೂರಿನವನು ಬಂದಾಗ ಅವನಿಗೆ ಇಪ್ಪತ್ತು ದಾಟಿತ್ತು. ಆ ವರ್ಷದ ಭರತಿ ತಪ್ಪಿದರೆ ವಯಸ್ಸು ಮೀರುತ್ತಿತ್ತು. ಅದು ನನಗೂ ಗೊತ್ತಿತ್ತು. ಸೈನ್ಯ ಯಾಕೆ ಬೇಕು ಎಂದು ಒಮ್ಮೆ ಕೇಳಿದ್ದೆ. ಬೇರೆಯವರು ದೇಶ, ಪಗಾರ, ಪೆನ್ಶನ್ನು ಎನ್ನುತ್ತಿದ್ದರು. ಇವನು ಮರಳು ನೋಡುತ್ತ ಹೇಳಿದ:

"ನಾ ಸಣ್ಣಿರ್ಬೇಕಾದ್ರೆ ನಮ್ಮೂರ ಬಸ್ ಸ್ಟಾಪಲ್ಲಿ ಒಬ್ರು ರಜಕ್ಕೆ ಬಂದು ಇಳ್ದಿದ್ರು ಉಸ್ತಾದ್. ಕರೀ ಟ್ರಂಕು, ಅದ್ರ ಮೇಲೆ ಬಿಳೀ ಅಕ್ಷರದಲ್ಲಿ ಹೆಸ್ರು. ಕೂತವ್ರೆಲ್ಲ ಎದ್ದು ನಿಂತ್ರು. ನನ್ನ ಅವ್ವನೂ ಹೊರೆ ಕೆಳಗಿಟ್ಟು ನಿಂತ್ಲು. ನಂಗೆ ಅಂಥದ್ದೊಂದು ಟ್ರಂಕು ಸಾಕು."

ಏನು ಹೇಳಿದರೂ ಅವನದು ಒಂದೇ ಉತ್ತರ, "ಆಗ್ತದೆ ಉಸ್ತಾದ್." ಮರಳು ಚೀಲ ಹೊತ್ತು ಓಡು ಎಂದರೂ ಅದೇ, ಇನ್ನೊಮ್ಮೆ ಓಡು ಎಂದರೂ ಅದೇ. ಬರಿಗಾಲಲ್ಲಿ ಓಡುತ್ತಿದ್ದ. ಹೊಸ ಕ್ಯಾನ್ವಾಸ್ ಶೂಗಳನ್ನು ದಾರ ಕಟ್ಟಿ ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿಕೊಂಡು ದಿನಾ ತರುತ್ತಿದ್ದ, ದಿನಾ ಹಾಗೇ ಒಯ್ಯುತ್ತಿದ್ದ. "ಕಾರವಾರದಲ್ಲಿ ಹಾಕ್ತೆ. ಅಲ್ಲಿ ತನಕ ಹೊಸದೇ ಇರ್ಲಿ." ಮತ್ತೆ ತಂದದ್ದು ಯಾಕೋ ಎಂದರೆ, "ಅವ್ಕೂ ದಾರಿ ಗೊತ್ತಾಗ್ಲಿ ಅಂತ" ಎಂದು ನಗುತ್ತಿದ್ದ. ಓಟದ ನಂತರ ಅವನ ಅವ್ವ ಕಟ್ಟಿಕೊಟ್ಟ ತೆಳ್ಳೇವು ದೋಸೆಯ ಗಂಟು ಬಿಚ್ಚಿದರೆ ಮೊದಲ ತುಂಡು ನನಗೆ, ಕೊನೆಯದು ಅವನಿಗೆ.

ಭರತಿಗೆ ಮೂರು ವಾರ ಇದ್ದಾಗ ಒಂದು ದಿನ ಅವನು ಕೈಗೆ ವಾಚು ಕಟ್ಟಿಕೊಂಡು ಬಂದ. ಗುಂಡಿ ಒತ್ತಿದರೆ ಸೆಕೆಂಡು ಎಣಿಸುವ ಅಗ್ಗದ ವಾಚು, ಯಾರದೋ ಕೇಳಿ ತಂದದ್ದು. ಅವತ್ತು ಓಟ ಮುಗಿದಾಗ ನಾನು ಕೂಗಿದೆ, "ಅಗಸೂರು, ಐದು ಐವತ್ಮೂರು!"

ಐದು ನಿಮಿಷ ನಲವತ್ತು ಸೆಕೆಂಡು ದಾಟಿದವನು ಕಾರವಾರಕ್ಕೆ ಬರುವುದೇ ಬೇಡ ಎಂದು ನಾನು ಗೆರೆ ಎಳೆದಿದ್ದೆ.

ಅವನು ಮುಖದ ತುಂಬ ನಗೆ ಹೊತ್ತು ಓಡಿ ಬಂದ. "ಉಸ್ತಾದ್, ಇದ್ರಲ್ಲಿ ಐದು ಮೂವತ್ತೆಂಟು ತೋರಿಸ್ತದೆ! ನಿಮ್ಮದಕ್ಕೆ ಕೀ ಕೊಡುದು ಮರ್ತ್‌ಹೋಯ್ತಾ ಎಂತದು?"

ಹುಡುಗರೆಲ್ಲ ನಕ್ಕರು. ಅವನ ಮನಸ್ಸಿನಲ್ಲಿ ಕಪಟವಿರಲಿಲ್ಲ. ಆದರೆ ನನಗೆ ಮೈ ಉರಿದುಹೋಯಿತು. ಸಿಕ್ಕಿಬಿದ್ದವನ ಸಿಟ್ಟು ಅದು.

"ನಂಗೆ ಟೈಮು ಕಲಿಸ್ತ್ಯಾ? ಇಪ್ಪತ್ತು ವರ್ಷ ಸೈನ್ಯದಲ್ಲಿದ್ದ ಗಡಿಯಾರ ಇದು. ಇದು ಸುಳ್ಳು ಹೇಳ್ತದೆ, ನಿನ್ನ ಜಾತ್ರೆ ವಾಚು ಖರೆ ಹೇಳ್ತದೆ, ಅಲ್ವಾ? ಬಿಚ್ಚು ಅದ್ನ!"

ವಾಚನ್ನು ಕಸಿದು ಒದ್ದೆ ಮರಳಿಗೆ ಎಸೆದೆ. ಅವನ ಹೆಗಲಿಗೆ ಮರಳು ಚೀಲ ಹೊರಿಸಿ ಗಾಳಿಮರದ ತನಕ ಕಪ್ಪೆ ಹಾಗೆ ಕುಪ್ಪಳಿಸಿ ಹೋಗಿ ಬಾ ಎಂದೆ. ಉಳಿದವರನ್ನು ಸಾಲಾಗಿ ನಿಲ್ಲಿಸಿ ನೋಡಿ ಎಂದೆ. "ಆಗ್ತದೆ ಉಸ್ತಾದ್" ಎಂದ. ಅರ್ಧ ದಾರಿಯಲ್ಲಿ ಮುಗ್ಗರಿಸಿ ಬಿದ್ದ, ಎದ್ದ, ಮತ್ತೆ ಕುಪ್ಪಳಿಸಿದ. ಯಾರೂ ನಗಲಿಲ್ಲ. ಭಾವಿಕೇರಿಯವನೂ ತಲೆ ತಗ್ಗಿಸಿದ್ದ.

ಮರುದಿನ ಅವನು ವಾಚಿಲ್ಲದೆ ಬಂದ. ಸೈಕಲ್ ನಿಲ್ಲಿಸಿದವನೇ ನನ್ನೆದುರು ಕೈ ಮುಗಿದ. "ತಪ್ಪಾಯ್ತು ಉಸ್ತಾದ್. ವಾಚು ಹಾಳಾದ್ದು ಕಾಣ್ತದೆ. ನಿಮ್ಮ ಮೇಲೆ ಸಂಶಯ ಮಾಡ್ದೆ ಅಂದ್ಕಬೇಡಿ." ನಾನು "ಹೂಂ" ಎಂದೆ. ಅಷ್ಟೇ ಹೇಳಿದ್ದು.

ಭರತಿಯ ಹಿಂದಿನ ದಿನ ಬಂತು. ಕೊನೆಯ ಓಟದಲ್ಲಿ ಅವನೇ ಮೊದಲಿಗ. "ಐದು ನಲವತ್ತಾರು" ಎಂದು ಕೂಗಿದೆ. ಆಮೇಲೆ ದೋಣಿಯ ಮರೆಗೆ ಒಬ್ಬೊಬ್ಬರನ್ನೇ ಕರೆದೆ. ಎಲ್ಲರೂ ಕಣ್ಣೊರೆಸಿಕೊಂಡು ಹೋದರು. ಕೊನೆಗೆ ಅವನು ಬಂದು ನಿಂತ. ನಾನು ಪುಸ್ತಕ ಮುಚ್ಚಿದೆ. ನನ್ನ ಗಡಿಯಾರವನ್ನು ಹುಡುಗರೆದುರು ಅನುಮಾನಿಸಿದವನು ಒಂದು ದಿನ ಹೆಚ್ಚು ಒದ್ದಾಡಲಿ, ನಾಳೆ ಬೆಳಿಗ್ಗೆ ಕಾರವಾರದ ಗೇಟಿನಲ್ಲೇ ಹೇಳಿದರಾಯಿತು, ಆ ಖುಷಿಯಲ್ಲಿ ಇನ್ನೂ ಜೋರು ಓಡುತ್ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

"ನಂಗೆ ಎಂತದೂ ಹೇಳುದಿಲ್ವಾ ಉಸ್ತಾದ್?"

"ನಿಂದು ನಾಳೆ ಗೇಟಲ್ಲಿ."

ಸೈಕಲ್ಲಿನ ಕಡೆ ಎರಡು ಹೆಜ್ಜೆ ಇಟ್ಟು ತಿರುಗಿದ. "ಐದು ನಲವತ್ತಾರು ಇದ್ದವ್ನಿಗೆ ಒಳಗೆ ಬಿಡ್ತ್ರಾ?"

"ನಾಳೆ ನೋಡ್ವಾ ಅಂದೆ ಅಲ್ವಾ."

"ಆಗ್ತದೆ ಉಸ್ತಾದ್" ಎಂದ. ಶೂ ತೂಗುತ್ತಿದ್ದ ಸೈಕಲ್ ತಳ್ಳಿಕೊಂಡು ಹೋದ. ಉಳಿದವರು ಅವನಿಗೂ ಹೇಳಿದ್ದೇನೆ ಎಂದೇ ತಿಳಿದಿದ್ದರು.

ಮರುದಿನ ಕಾರವಾರದ ಮೈದಾನದ ಗೇಟಿನಲ್ಲಿ ಅವನ ಪುಟ ಮಡಚಿದ ಪುಸ್ತಕ ಹಿಡಿದು ನಿಂತೆ. ನಮ್ಮ ಹುಡುಗರು ಒಬ್ಬೊಬ್ಬರಾಗಿ ಒಳಗೆ ಹೋದರು. ಅವನು ಬರಲಿಲ್ಲ. ಏಳು ಗಂಟೆಯಾಯಿತು, ಎಂಟಾಯಿತು. ರಸ್ತೆಯ ಆಚೆ ಎಸ್‌ಟಿಡಿ ಬೂತಿತ್ತು. ಅಗಸೂರಿನ ಅಂಗಡಿಯೊಂದರ ಫೋನ್ ನಂಬರು ಪುಸ್ತಕದ ಹಿಂದೆ ಅವನೇ ಬರೆದುಕೊಟ್ಟಿದ್ದ. ಗೇಟು ಮುಚ್ಚುವುದು ಹತ್ತೂವರೆಗೆ. ಎಂಟಕ್ಕೆ ಫೋನ್ ಮಾಡಿದ್ದರೆ ಅಂಗಡಿಯವನು ಮನೆಗೆ ಓಡುತ್ತಿದ್ದ, ಅವನು ಯಾವುದಾದರೂ ಲಾರಿ ಹತ್ತಿ ಬಂದುಬಿಡುತ್ತಿದ್ದ. ಬರಬೇಕಾದವನು ತಾನಾಗಿ ಬರಲಿ, ಉಸ್ತಾದ ಹುಡುಗನ ಹಿಂದೆ ಬೀಳುವುದೇ ಎಂದು ನಾನು ಚಾ ಕುಡಿದೆ. ಹತ್ತೂವರೆಗೆ ಗೇಟು ಮುಚ್ಚಿತು. ಆ ಸದ್ದು ಈಗಲೂ ಕೇಳಿಸುತ್ತದೆ.

ಭಾವಿಕೇರಿಯವನು ಭರತಿಯಾದ. ನಮ್ಮಲ್ಲಿ ಈ ಭಾವಿಕೇರಿಯವನಿಗಿಂತ ನಿಧಾನ ಓಡುತ್ತಿದ್ದವನು ಒಬ್ಬನೇ ಇದ್ದ.

ನಾನು ಅಗಸೂರಿಗೆ ಹೋಗಲಿಲ್ಲ. ನಾಳೆ ಹೋಗೋಣ ಅಂದುಕೊಂಡೆ, ಮುಂದಿನ ವಾರ ಅಂದುಕೊಂಡೆ. ಇನ್ನು ಹೇಳಿದರೆ ಅವನ ಹೊಟ್ಟೆ ಉರಿಯುವುದೇ ಹೊರತು ವಯಸ್ಸು ಹಿಂದೆ ಬರುತ್ತದೆಯೇ ಎಂದುಕೊಂಡೆ. ಹೇಡಿಯಾದವನಿಗೆ ಇಂಥ ಮಾತು ಬಹಳ ಹೊಳೆಯುತ್ತದೆ.

ನಾಲ್ಕು ವರ್ಷದ ಮೇಲೆ ಅವನೇ ನನ್ನ ಮನೆಗೆ ಬಂದ. ಅದಿರಿನ ಲಾರಿಯ ಡ್ರೈವರಾಗಿದ್ದ. ಮುಖ ಅದೇ ಕೆಂಪು. ಬಾಗಿಲಲ್ಲಿ ಹಿಮ್ಮಡಿ ಕೂಡಿಸಿ ನಿಂತು ಸೆಲ್ಯೂಟು ಹೊಡೆದ.

"ಅವತ್ತು ನಾ ಬಂದಿದ್ದೆ ಉಸ್ತಾದ್, ಅಂಕೋಲಾ ಬಸ್ ಸ್ಟ್ಯಾಂಡ್ ತನಕ. ಶೂನೂ ಹಾಕಿದ್ದೆ. ಕಾರವಾರದ ಬಸ್ಸು ಎದುರಿಗೇ ನಿಂತಿತ್ತು. ಆಗದವ ಹೋಗಿ ನಿಮ್ಮ ಹೆಸ್ರು ಎಂತಕ್ಕೆ ಹಾಳು ಮಾಡುದು ಅಂದ್ಕಂಡು ತಿರುಗಿ ಹೋದೆ. ನೀವು ಖರೆ ಹೇಳಿದ್ದು ಒಳ್ಳೇದಾಯ್ತು. ಇಲ್ದಿದ್ರೆ ಸಾವಿರ ಜನರ ಎದುರಿಗೆ ಮರ್ಯಾದಿ ಹೋಗ್ತಿತ್ತು."

ಒಳಗೆ ಕಪಾಟಿನಲ್ಲಿ ಪುಸ್ತಕವಿತ್ತು. ಎದ್ದು ಎಂಟು ಹೆಜ್ಜೆ ಹೋಗಿ ತಂದಿದ್ದರೆ ಸಾಕಿತ್ತು. ನಾನು ಏಳಲಿಲ್ಲ.

ಅವನು ಬಂದದ್ದು ಒಂದು ಕೇಳಿಕೆ ಹೊತ್ತು. ಲಾರಿಗೆ ಬಿಡುವಿದ್ದ ದಿನ ಅಗಸೂರಿನ ನಾಲ್ಕು ಹುಡುಗರನ್ನು ಓಡಿಸಬೇಕೆಂದು ಆಸೆ. ನಾನು ತೀರದ ತರಬೇತಿ ನಿಲ್ಲಿಸಿದ್ದೇನೆಂದು ಕೇಳಿದ್ದ. "ನಿಮ್ಮ ಆ ಗಡಿಯಾರ ಕೊಡ್ತ್ರಾ ಉಸ್ತಾದ್? ನೀವು ನಂಗೆ ಖರೆ ಟೈಮು ಹೇಳಿದ ಹಂಗೆ ನಾನೂ ಅವ್ರಿಗೆ ಹೇಳ್ತೆ."

ಗಡಿಯಾರ ಕೊಟ್ಟೆ. ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ನಾನು ಅವನನ್ನು ಕಂಡದ್ದು ಅದೇ ಕೊನೆ.

ಮುಂದಿನ ವರ್ಷ ಅರಬೈಲು ಘಟ್ಟದಲ್ಲಿ ಅವನ ಲಾರಿ ಉರುಳಿತು, ಅವನು ಉಳಿಯಲಿಲ್ಲ ಎಂಬ ಸುದ್ದಿ ಬಂತು. ಹದಿನೈದು ದಿನ ಬಿಟ್ಟು ಅಗಸೂರಿಗೆ ಹೋದೆ. ಅವನಿಗೆ ಹೇಳದ್ದನ್ನು ಅವನ ಅವ್ವನಿಗಾದರೂ ಹೇಳಿ ಕಾಲಿಗೆ ಬೀಳಬೇಕೆಂದೇ ಹೋಗಿದ್ದೆ. ನಾನು ಯಾರೆಂದು ಹೇಳುತ್ತಲೇ ಆ ಮುದುಕಿ ಚಾಪೆ ಹಾಸಿದಳು.

"ನೀವಾ ಉಸ್ತಾದ್ರು! ನಿಮ್ಮ ಹೆಸ್ರು ಹೇಳ್ದೆ ಅವ ಒಂದಿನ ಉಂಡವ್ನಲ್ಲ." ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಗಡಿಯಾರ ತಂದಳು. "ಇದು ನಿಮ್ದು. ತಂದ ಮರುದಿನವೇ ಹಾಳಾಯ್ತಂತೆ."

"ಹಾಳಾಯ್ತು ಅಂತ ಯಾರು ಹೇಳಿದ್ರು?"

"ಅವನೇ. ಬೆಳಿಗ್ಗೆ ರಸ್ತೆ ಮೇಲೆ ಕಿಲೋಮೀಟರ್ ಕಲ್ಲಿಂದ ಅಳತೆ ಮಾಡ್ಕಂಡು ತಾನೇ ಓಡ್ದ. ಬಂದವ ಗಡಿಯಾರ ನೋಡ್ದ, ಕಿವಿಗಿಟ್ಕಂಡ, ಮತ್ತೆ ಹೋಗಿ ಓಡ್ದ. ಮೂರು ಸಲ ಓಡ್ದ ನನ್ನ ಮಗ. ಆಮೇಲೆ ಜಗುಲಿ ಮೇಲೆ ಕೂತು ಅದ್ನ ಬಟ್ಟೇಲಿ ಸುತ್ದ. ಎಂತಾಯ್ತೋ ಅಂದ್ರೆ, 'ಎಂತಾ ಇಲ್ಲೆ ಅವ್ವಾ, ಗಡಿಯಾರ ಹಾಳಾಗದೆ. ನಂಗೆ ಸಿಗು ವಾಚೆಲ್ಲ ಹಾಳಾದ್ದೇ' ಅಂದ. ಮತ್ತೆ ಅದ್ನ ಮುಟ್ಲಿಲ್ಲ. ಹುಡುಗ್ರನ್ನೂ ಓಡಿಸ್ಲಿಲ್ಲ. ಉಸ್ತಾದ್ರಿಗೆ ಹೇಳ್ಬೇಡ, ಬೇಜಾರ ಮಾಡ್ಕಂತ್ರು ಅಂದ."

ಲಾರಿಯಲ್ಲಿ ಕೂತು ಕೂತು ಮೈ ಸಡಿಲಾದ ಮೇಲೆ ಅವನು ಎಷ್ಟರಲ್ಲಿ ಓಡಿದನೋ. ನಾನು ಹೇಳಿದ್ದಕ್ಕಿಂತ ಕಡಿಮೆ ಇತ್ತು ಎಂಬುದಂತೂ ಖಂಡಿತ. ಗಡಿಯಾರ ಹಾಳಾಗಿದೆ ಎಂದು ಅವನು ನಂಬಿದನೋ, ಎಲ್ಲ ತಿಳಿದೂ ನನ್ನ ಸುಳ್ಳನ್ನು ಗಡಿಯಾರದ ತಲೆಗೆ ಕಟ್ಟಿದನೋ ನನಗೆ ಗೊತ್ತಿಲ್ಲ. ಅವನನ್ನು ಬಲ್ಲ ನನಗೆ ಎರಡನೆಯದೇ ನಿಜ ಅನ್ನಿಸುತ್ತದೆ. ಅನ್ನಿಸಿದಾಗ ಕೂತಲ್ಲಿ ಕೂರಲಾಗುವುದಿಲ್ಲ.

ಮುದುಕಿ ಕೊಟ್ಟ ಚಾ ಕುಡಿದೆ. ಬಾಯಿ ತೆರೆದೆ. "ನೀವು ಬಂದದ್ದೇ ದೊಡ್ಡದು" ಎಂದು ಅವಳು ಕೈ ಮುಗಿದಳು. ನಾನೂ ಕೈ ಮುಗಿದು ಎದ್ದು ಬಂದೆ. ಬಾಗಿಲ ಮೇಲಿನ ಮೊಳೆಯಲ್ಲಿ ದಾರ ಕಟ್ಟಿದ ಶೂಗಳು ನೇತಾಡುತ್ತಿದ್ದವು, ಒಂದೇ ದಿನ ಹಾಕಿದವು.

ಗಡಿಯಾರ ಈಗ ಈ ಮೇಜಿನ ಮೇಲಿದೆ. ಕೀ ಕೊಟ್ಟರೆ ಇವತ್ತಿಗೂ ಒಂದು ಸೆಕೆಂಡು ಆಚೀಚೆ ಆಗುವುದಿಲ್ಲ. ಪಕ್ಕದಲ್ಲಿ ಪುಸ್ತಕ. ಮಡಚಿದ ಪುಟದಲ್ಲಿ ಅಗಸೂರು ಎಂದು ಬರೆದಿದ್ದನ್ನು ಇವತ್ತು ಹೊಡೆದು ಹಾಕಿದೆ. ಹೇಳಿದ ಹೊತ್ತನ್ನೂ ಹೊಡೆದು ಹಾಕಿದೆ. ತಾನು ಮಾಡದ ತಪ್ಪಿಗೆ ಅವನು ನನ್ನಲ್ಲಿ ಕ್ಷಮೆ ಕೇಳಿದ. ನಾನು ಮಾಡಿದ್ದಕ್ಕೆ ಅವನಲ್ಲಿ ಕೇಳಲಿಲ್ಲ. ಅವನನ್ನು ಒಮ್ಮೆಯೂ ಹೆಸರು ಹಿಡಿದು ಕರೆಯಲೂ ಇಲ್ಲ. ಕಡಲಿಗೆ ಮುಖ ಮಾಡಿ ನಿಂತು ಕರೆಯುವಷ್ಟು ದನಿ ಈಗ ನನಗಿಲ್ಲ, ಅದಕ್ಕೆ ಬರೆಯುತ್ತೇನೆ.

ಐದು ನಿಮಿಷ ಮೂವತ್ತೊಂದು ಸೆಕೆಂಡು. ಬೊಮ್ಮಯ್ಯ ಹಮ್ಮು ಗೌಡ.