ಹೋಗ್ತೇನಿ ಅನ್ನಲಾರದವನ ಆಟ

ಊರೆಲ್ಲ ಹೊಗಳಿದ ಮಾಲನ್ನು ‘ನನಗೆ ಹಿಡಿಸಲಿಲ್ಲ’ ಎನ್ನಲು ಗಟ್ಟಿ ಎದೆ ಬೇಕು. ಬ್ಯಾಡಗಿಯ ಸಿದ್ದಲಿಂಗೇಶನಿಗೆ ಆ ಎದೆ ಇರಲಿಲ್ಲ. ಇದ್ದದ್ದು ಜರ್ಮನಿ ಕೊಟ್ಟ ಒಂದು ಗ್ರೀನ್ ಕಾರ್ಡ್, ಅಲ್ಲಿನ ಎಷ್‌ಬಾರ್ನ್ ಊರಿನಲ್ಲಿ ಪ್ರೋಗ್ರಾಮರ್ ಕೆಲಸ, ಮತ್ತು ಮಧ್ಯಾಹ್ನದ ಊಟಕ್ಕೆ ಎದುರು ಕೂರುವ ಒಬ್ಬನೇ ಒಬ್ಬ ಜರ್ಮನ್.

ಆ ಜರ್ಮನ್ ಡೀಟರ್, ಆಫೀಸಿನಲ್ಲಿ ಪಕ್ಕದ ಮೇಜಿನವ. ಮಾತನ್ನು ತೂಗಿ ಆಡುವ ಮನುಷ್ಯ. ತಕ್ಕಡಿ ಹೆಚ್ಚಿನ ದಿನ ಖಾಲಿಯೇ ಇರುತ್ತಿತ್ತು. ಸಿದ್ದಲಿಂಗೇಶ ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವನು ಒಂದು ಹಳೆಯ ಕಂಪ್ಯೂಟರ್ ಆಟದ ಡಬ್ಬಿ ತಂದುಕೊಟ್ಟಿದ್ದ. ಇಂಥದ್ದು ಹಿಂದೆ ಬಂದಿಲ್ಲ, ಮುಂದೆ ಬರುವುದೂ ಇಲ್ಲ ಎಂದು ಪತ್ರಿಕೆಗಳೆಲ್ಲ ಕೊಂಡಾಡಿದ ಆಟ. ಅಂದಿನಿಂದ ಸೋಮವಾರ ಬಂತೆಂದರೆ ಕ್ಯಾಂಟೀನಿನಲ್ಲಿ ಅದೇ ಪ್ರಶ್ನೆ: “ಎಲ್ಲಿಗೆ ಬಂತು?” ಆ ಒಂದು ಪ್ರಶ್ನೆ ಹಿಡಿದುಕೊಂಡು ಊಟ ಮುಗಿಯುವ ತನಕ ಮಾತು ನಡೆಯುತ್ತಿತ್ತು. ಆಟ ಬಿಟ್ಟರೆ ಮಾತು ಹೋಯಿತು, ಮಾತು ಹೋದರೆ ಎದುರಿನ ಕುರ್ಚಿ ಖಾಲಿ. ಸಿದ್ದಲಿಂಗೇಶನ ಹೆದರಿಕೆ ಅದೊಂದೇ.

ಆಟದಲ್ಲಿ ಒಬ್ಬ ದಾರಿಹೋಕ, ಬೆಟ್ಟದ ಬುಡದಲ್ಲೊಂದು ಊರು. ಊರವರನ್ನು ಮಾತಾಡಿಸಿ, ಅವರ ವಿಶ್ವಾಸ ಗಳಿಸಿ, ಕೋಟೆಯ ಬಾಗಿಲು ದಾಟಬೇಕು. ಪ್ರತಿ ಮಾತುಕತೆಯ ಕೊನೆಗೆ ಪರದೆಯ ಮೇಲೆ ಎರಡು ಸಾಲು ಮೂಡುತ್ತವೆ: ‘ಹೋಗುತ್ತೇನೆ’, ‘ಮತ್ತೆ ಬರುತ್ತೇನೆ’. ಯಾವುದಾದರೊಂದನ್ನು ಒತ್ತಬೇಕು. ಬ್ಯಾಡಗಿಯಲ್ಲಿ ಹುಟ್ಟಿದವನು ಇನ್ನೊಬ್ಬರ ಹೊಸ್ತಿಲಲ್ಲಿ ನಿಂತು ‘ಹೋಗ್ತೇನಿ’ ಎಂದಾನೆಯೇ? ಸಿದ್ದಲಿಂಗೇಶ ದೋಣಿಯವನಿಂದ ಹಿಡಿದು ಕಂಡಕಂಡವರಿಗೆಲ್ಲ ‘ಮತ್ತೆ ಬರುತ್ತೇನೆ’ ಒತ್ತುತ್ತ ಮುಂದೆ ಸಾಗಿದ. ಕೊನೆಗೆ ಕೋಟೆಯ ಕಾವಲುಗಾರ ಅಡ್ಡ ನಿಂತ: “ಮಾತಿಗೆ ತಪ್ಪಿದವನಿಗೆ ಈ ಬಾಗಿಲಿಲ್ಲ.”

ಭಾನುವಾರ ಮಧ್ಯಾಹ್ನ, ಅದೇ ಮನೆಯಲ್ಲಿ ಜೊತೆಗಿದ್ದ ಮೈಸೂರಿನ ಯತಿರಾಜ್ ಚಹಾ ಹಿಡಿದು ಬಂದ.

“ಏನ್ ಗುರು, ಮುಖ ಹುಳ್ಳಗೆ ಮಾಡ್ಕೊಂಡಿದ್ದೀಯ?”

“ಇಡೀ ಊರು ನನ್ನ ಮ್ಯಾಲ ಸಿಟ್ಟಾಗೇತಿ. ನಾ ಏನ್ ಮಾಡೇನಿ ಅಂತ ತಿಳೀವಲ್ದು.”

ಯತಿರಾಜ್ ಪರದೆಗೆ ಬಗ್ಗಿ ಓದಿ ನಕ್ಕ. “ಎಲ್ಲರಿಗೂ ಬರ್ತೀನಿ ಬರ್ತೀನಿ ಅಂದ್ಬಿಟ್ಟಿದ್ದೀಯಲ್ಲೋ! ದೋಣಿಯವನು ಇನ್ನೂ ಹಗ್ಗ ಬಿಚ್ಚಿಲ್ಲ, ನಿನ್ನೇ ಕಾಯ್ತಾ ಕೂತಿದ್ದಾನೆ.”

“ಹಂಗಂತ ಹೋಗ್ತೇನಿ ಅನ್ಲೇನು? ಸತ್ತವರೂ ಹಂಗ ಹೇಳಂಗಿಲ್ಲ.”

“ಸತ್ತವರು ಏನೂ ಹೇಳಲ್ಲ ಮಗಾ. ಮೊದಲಿಂದ ಶುರು ಮಾಡು. ‘ಹೋಗುತ್ತೇನೆ’ ಒತ್ತು, ಗೆಲ್ಲು.”

ಬುದ್ಧಿ ಹೇಳುವವನಿಗೆ ಬೆರಳು ನೋಯುವುದಿಲ್ಲ. ಸಿದ್ದಲಿಂಗೇಶ ಮೊದಲಿನಿಂದ ಶುರುಮಾಡಿದ. ಊರಿನ ಮೊದಲ ಮನೆಯಲ್ಲಿ ಮುದುಕಿಯೊಬ್ಬಳು ಅವನನ್ನು ಒಳಗೆ ಕರೆದು ಬಿಸಿ ಗಂಜಿ ಕೊಟ್ಟಳು. ಅವನು ಉಸಿರು ಬಿಗಿಹಿಡಿದು ‘ಹೋಗುತ್ತೇನೆ’ ಒತ್ತಿದ. ಮುದುಕಿ ತಲೆಯಾಡಿಸಿ ಬಾಗಿಲು ಹಾಕಿಕೊಂಡಳು; ದಾರಿ ಸಲೀಸಾಗಿ ತೆರೆಯಿತು. ಬಣ್ಣದ ಚುಕ್ಕೆಗಳಿಂದಾದ ಮುದುಕಿ ಎಂಬುದು ಅವನಿಗೂ ಗೊತ್ತು. ಅಂಥ ಚುಕ್ಕೆಗಳನ್ನು ಆಡಿಸುವ ಪ್ರೋಗ್ರಾಮ್ ಬರೆಯುವ ಕಸುಬೇ ಅವನದು. ಆದರೂ ಅವನು ಮೌಸನ್ನು ಆಚೆ ತಳ್ಳಿದ.

“ಯತಿರಾಜಾ, ನಾ ಇದನ್ನ ಬಿಟ್ಟೆ.”

“ಜಗತ್ತೇ ಹೊಗಳೋ ಆಟ ಕಣೋ!”

“ಹೊಗಳಲಿ. ಉಣ್ಣಾಕ ಹಾಕಿದಾಕಿಗೆ ಹೋಗ್ತೇನಿ ಅನ್ನಿಸೋ ಆಟ ನನಗ ಬ್ಯಾಡ.”

“ನಾಳೆ ಡೀಟರ್‌ಗೆ ಏನ್ ಹೇಳ್ತೀಯ?”

ಸಿದ್ದಲಿಂಗೇಶ ಆಟದ ಡಬ್ಬಿಯನ್ನು ಆಫೀಸಿನ ಚೀಲಕ್ಕೆ ತುರುಕಿದ.

ಮರುದಿನ ಎಸ್-ಬಾನ್ ರೈಲಿನಲ್ಲಿ ಅವನು ಒಂದು ಒಳ್ಳೆಯ ಸುಳ್ಳು ಸಿದ್ಧಮಾಡಿದ: ಕೋಟೆ ದಾಟಿದೆ, ಒಳಗೆ ಬಹಳ ಕಷ್ಟವಿದೆ. ಆದರೆ ಡೀಟರ್ ಸೂಪಿನ ತಟ್ಟೆ ಇಟ್ಟು “ಎಲ್ಲಿಗೆ ಬಂತು?” ಎಂದಾಗ ಕೈ ತಾನಾಗಿ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಿತು.

“ಮುಗಿಸಲಿಲ್ಲ. ಮುಗಿಸುವುದೂ ಇಲ್ಲ.”

ಡೀಟರನ ಮುಖ ಬಾಡಿತು. “ಅಷ್ಟು ಕೆಟ್ಟದಾಗಿದೆಯೇ?”

ಸಿದ್ದಲಿಂಗೇಶ ತನಗೆ ಬಂದಷ್ಟು ಜರ್ಮನ್, ಉಳಿದದ್ದು ಇಂಗ್ಲಿಷ್ ಬೆರೆಸಿ ವಿವರಿಸಿದ. ನಮ್ಮಲ್ಲಿ ಹೊರಡುವವನು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾನೆ. ಅದು ಕೊಟ್ಟ ಮಾತಲ್ಲ, ಮರ್ಯಾದೆ.

ಡೀಟರ್ ಚಮಚ ಕೆಳಗಿಟ್ಟ. “ನೀನು ಮೊದಲ ದಿನ ಸಂಜೆ ನನಗೂ ಹಾಗೇ ಹೇಳಿದೆ. ಮತ್ತೆ ಬರುತ್ತೇನೆ ಅಂತ.”

“ಹೇಳಿರಬೇಕು.”

“ಆಫೀಸಿನ ಕೀಲಿ ನನ್ನ ಹತ್ತಿರ ಇತ್ತು. ನಾನು ಕಾದೆ.”

ಸಿದ್ದಲಿಂಗೇಶನಿಗೆ ನಗಬೇಕೋ ಕ್ಷಮೆ ಕೇಳಬೇಕೋ ತಿಳಿಯಲಿಲ್ಲ. “ಬಹಳ ಹೊತ್ತೇ?”

“ನನ್ನ ರೈಲು ತಪ್ಪುವಷ್ಟು.”

“ಮರುದಿನ ಯಾಕೆ ಕೇಳಲಿಲ್ಲ?”

“ಹೊಸಬನನ್ನು ಹೇಗೆ ಕೇಳುವುದು? ನಿನ್ನ ಜೊತೆ ಮಾತು ಎಲ್ಲಿಂದ ಶುರುಮಾಡಬೇಕೆಂದೇ ಗೊತ್ತಾಗಲಿಲ್ಲ. ಅದಕ್ಕೇ ಆಟ ತಂದುಕೊಟ್ಟೆ.”

ಯಾವ ತಪ್ಪಿಗೆ ಆಟದ ಊರು ಕೋಟೆಯ ಬಾಗಿಲು ಹಾಕಿಕೊಂಡಿತೋ, ಅದೇ ತಪ್ಪಿಗೆ ಈ ಮನುಷ್ಯ ತನಗೆ ಅತಿ ಇಷ್ಟವಾದ ವಸ್ತುವನ್ನೇ ತಂದುಕೊಟ್ಟಿದ್ದ.

ಡೀಟರ್ ಡಬ್ಬಿಯನ್ನು ತನ್ನತ್ತ ಎಳೆದುಕೊಂಡ. ಬೇಸರ ಇನ್ನೂ ಪೂರ್ತಿ ಹೋಗಿರಲಿಲ್ಲ. “ಆದರೂ ಅದರ ಕೊನೆ ಬಹಳ ಚೆನ್ನಾಗಿದೆ.”

“ಹಾಗಾದರೆ ನೀನೇ ಹೇಳು.”

ಡೀಟರ್ ಕುರ್ಚಿಯನ್ನು ಮುಂದಕ್ಕೆ ಸರಿಸಿ, ಉಪ್ಪಿನ ಡಬ್ಬಿಯನ್ನು ಕೋಟೆ ಮಾಡಿ ನಡುವೆ ಇಟ್ಟು, ಹೇಳತೊಡಗಿದ. ಇಬ್ಬರ ಸೂಪೂ ಆರಿಹೋಯಿತು.