ಮಹಡಿಯ ಮೇಲಿನ ಓನರಮ್ಮ

ಸತ್ತವರ ತಪ್ಪು ಹೆಕ್ಕುವುದೇ ರಘೋತ್ತಮನ ಉದ್ಯೋಗ. ಮೈಸೂರಿನಿಂದ ಶಿಕಾಗೋಗೆ ಬಂದು ಪಿಎಚ್‌ಡಿಗೆ ಆರಿಸಿಕೊಂಡ ವಿಷಯ ಹತ್ತೊಂಬತ್ತನೇ ಶತಮಾನದ ಐರಿಷ್ ಪ್ರಾಟೆಸ್ಟೆಂಟ್ ಪಾದ್ರಿ ಆಂಬ್ರೋಸ್ ಡೆವ್ಲಿನ್‌ನ ಜೀವನ. ಡೆವ್ಲಿನ್ ಗ್ರೀಕ್, ಹೀಬ್ರೂ ಅರೆದು ಕುಡಿದವನು. ಅವನು ಪಾಠ ಹೇಳುತ್ತಿದ್ದ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರು ಮದುವೆಯಾಗುವಂತಿರಲಿಲ್ಲ. ಈ ಮಹಾನುಭಾವ ಗುಟ್ಟಾಗಿ ಮದುವೆಯಾಗಿ, ಬಂದವರಿಗೆಲ್ಲ ಹೆಂಡತಿಯನ್ನು ಅಡುಗೆಯವಳೆಂದು ತೋರಿಸುತ್ತಿದ್ದ. ಪುಣ್ಯಾತ್ಗಿತ್ತಿ ಅಡುಗೆಯವಳಾಗಿಯೇ ಸತ್ತಳು.

'ಹೇಡಿ' ಎಂದು ರಘೋತ್ತಮ ಬರೆದ. ಟೈಪ್ ಮಾಡಿಕೊಟ್ಟವಳು ಅವನ ಹೆಂಡತಿ ಮೊರೀನ್. ಅವಳೂ ಐರಿಷ್ ಮನೆತನದವಳೇ. ಡೆವನ್ ಅವೆನ್ಯೂ ಹಿಂದಿನ ಬೀದಿಯ ಆ ಮಹಡಿ ಮನೆ ಅವಳ ಅಪ್ಪ ಬಿಟ್ಟುಹೋದದ್ದು. ಮದುವೆಯ ಸುದ್ದಿ ಮಾತ್ರ ಇನ್ನೂ ಮೈಸೂರು ಮುಟ್ಟಿರಲಿಲ್ಲ.

೧೯೭೪ರ ಬೇಸಿಗೆಯಲ್ಲಿ ತಾಯಿ ಅಂಬುಜಮ್ಮ ಬರುವುದೆಂದಾಯಿತು. ಮಹಾ ಮಡಿಯ ಹೆಂಗಸು. ಮೊರೀನ್ ಪಾಪ, 'ಬನ್ನಿ ಅತ್ತೆ, ನೀರು ಕುಡೀರಿ' ಎಂದು ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದಳು. ತಾಯಿ ಬರುವ ಹಿಂದಿನ ದಿನ ರಘೋತ್ತಮ ಅವಳ ಬಟ್ಟೆಬರೆಯನ್ನೆಲ್ಲ ಮಹಡಿಗೆ ಸಾಗಿಸಿದ.

"ಸ್ವಲ್ಪ ದಿನ ಮನೆ ಓನರ್ ಅಂತ ಇದ್ಬಿಡು. ಗೊತ್ತಾದ್ರೆ ಅಮ್ಮ ಇಲ್ಲಿ ಒಂದು ಲೋಟ ನೀರೂ ಮುಟ್ಟಲ್ಲ. ನಿಧಾನಕ್ಕೆ ನಾನೇ ಹೇಳ್ತೀನಿ."

ಮನೆ ಅವಳದ್ದೇ ತಾನೆ, ಸುಳ್ಳೇನು ಬಂತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಥೂ, ಓದಿದವರ ಬುದ್ಧಿಯೇ! ಮೊರೀನ್ ಅವನ ಮಾತು ನಂಬಿ ಮಹಡಿ ಹತ್ತಿದಳು.

ಅಂಬುಜಮ್ಮ ಬಂದಿಳಿದ ಮೇಲೆ ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಮಹಡಿಯಿಂದ ಇಳಿಯುತ್ತಿದ್ದ ಮೊರೀನ್ ಓಡಿಬಂದು ಪಾತ್ರೆ ಇಳಿಸಿದಳು. ಅಂಬುಜಮ್ಮ ಅಷ್ಟೂ ಹಾಲನ್ನು ಸಿಂಕಿಗೆ ಸುರಿದರು.

"ರಘು, ಆ ಹೆಂಗಸಿಗೆ ಹೇಳು, ಬಾಡಿಗೆಗೆ ಕೊಟ್ಮೇಲೆ ಅಡುಗೆಮನೆಗೆ ಕಾಲಿಡಬಾರ್ದು ಅಂತ."

ಮೊರೀನ್‌ಗೆ ಅಷ್ಟು ಕನ್ನಡ ಬರುತ್ತಿತ್ತು. ಇವಳು ನನ್ನ ಹೆಂಡತಿ ಎಂದು ಈಗಲಾದರೂ ಅಂದಾನೇನೋ ಎಂದು ಗಂಡನ ಮುಖವನ್ನೇ ನೋಡುತ್ತ ನಿಂತಳು. ರಘೋತ್ತಮ ತಾಯಿ ಅಂದದ್ದನ್ನು ಒಂದಕ್ಷರ ಬಿಡದೆ ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದ.

"ಸರಿ," ಎಂದಳು ಮೊರೀನ್, ಕನ್ನಡದಲ್ಲೇ. "ರಘೋತ್ತಮ ಅವರೇ, ಮನೆ ಖಾಲಿ ಮಾಡಿ."

ಅಂಬುಜಮ್ಮನಿಗೆ ಆ ಕನ್ನಡ ಕೇಳಿ ಅಚ್ಚರಿಯಾಯಿತೇ ಹೊರತು ಬೇಸರವೇನೂ ಆಗಲಿಲ್ಲ. ಪಾತ್ರೆಗೆ ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದರು.

"ಒಳ್ಳೇದೇ ಆಯ್ತು ಬಿಡಪ್ಪ. ಮದ್ವೆ ಮಾಡ್ಕೊಂಡು ಬೇರೆ ಮನೆ ಹಿಡಿ. ಒಳ್ಳೆ ಹುಡುಗೀದು ಜಾತಕ ತಂದಿದೀನಿ."

ಮೊರೀನ್ ಇನ್ನೂ ಬಾಗಿಲಲ್ಲೇ ನಿಂತಿದ್ದಳು. ರಘೋತ್ತಮ ಪೆಟ್ಟಿಗೆ ಕಟ್ಟಲು ಒಳಗೆ ಹೋದ.