ಅಟ್ಟದ ಮೇಲಿನ ದರ್ಭೆಯ ಗೊಂಬೆ

ಇಳಿತದ ಹೊತ್ತಿಗೆ ಐರ್ಲೆಂಡಿನ ವಾಟರ್‌ಫರ್ಡಿನ ನದಿದಂಡೆಯಲ್ಲಿ ಏಳುತ್ತಿದ್ದ ಕೆಸರಿನ ವಾಸನೆ ನಮ್ಮ ಗಂಗೊಳ್ಳಿಯ ಅಳಿವೆಯದೇ. ಲಾಕ್‌ಡೌನಿನ ದಿನಗಳಲ್ಲಿ ಆಸ್ಪತ್ರೆಯ ಡ್ಯೂಟಿ ಮುಗಿಸಿ, ಮಗಳ ಜೊತೆ ಅಲ್ಲಿಗೆ ನಡೆದು ಮಾಸ್ಕ್ ಕೆಳಗೆಳೆದರೆ ಸಾಕು, ಅಮ್ಮಮ್ಮನ ಹೆಂಚಿನ ಮನೆ ಎದುರು ಬಂದು ನಿಲ್ಲುತ್ತಿತ್ತು: ಒಣಮೀನು, ಸೀಮೆಎಣ್ಣೆ ದೀಪ, ಅವಳ ಹಣೆಯ ದೊಡ್ಡ ಕುಂಕುಮ. ಆ ಕುಂಕುಮಕ್ಕಾಗಿ ಅವಳು ಊರನ್ನೇ ಎದುರು ಹಾಕಿಕೊಂಡಿದ್ದಳು. ಅಜ್ಜನಿಗೆ ಸರಕಿನ ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಸುರಿಯುವ ಕೆಲಸ. ಎರಡನೇ ಮಹಾಯುದ್ಧದ ಕಾಲದಲ್ಲಿ, ಇದೇ ಐರ್ಲೆಂಡಿನ ಪಶ್ಚಿಮದ ಕಡಲಲ್ಲಿ, ಜರ್ಮನ್ ಸಬ್‌ಮರೀನಿನ ಟಾರ್ಪಿಡೊ ಬಡಿದು ಆ ಹಡಗು ಮುಳುಗಿತು. ನನ್ನ ಅಮ್ಮ ಆಗಿನ್ನೂ ತೊಟ್ಟಿಲ ಕೂಸು. ಹೆಣ ಸಿಗದವರಿಗೆ ದರ್ಭೆಯ ಗೊಂಬೆ ಕಟ್ಟಿ, ಅದಕ್ಕೆ ಬೆಂಕಿ ಕೊಟ್ಟು ಕರ್ಮ ಮುಗಿಸುವುದು ನಮ್ಮಲ್ಲಿ ಪದ್ಧತಿ. ಗೊಂಬೆ ಸುಟ್ಟ ದಿನವೇ ಹೆಂಡತಿ ಕುಂಕುಮ ಅಳಿಸಬೇಕು. ಪುರೋಹಿತರು ಗೊಂಬೆ ಕಟ್ಟಿಕೊಂಡೇ ಬಂದಿದ್ದರಂತೆ.

"ಹುಲ್ಲ್ ಸುಟ್ರೆ ಗಂಡ ಸತ್ತಾಂಗ್ ಆತ್ತಾ ಭಟ್ರೆ? ಹೆಣ ತೋರ್ಸಿ, ಮತ್ ಮಾತಾಡುವ," ಎಂದ ಅಮ್ಮಮ್ಮ ಅದನ್ನು ಕಿತ್ತು ಅಟ್ಟಕ್ಕೆಸೆದಳಂತೆ.

ಮದುವೆಮನೆಗಳಿಂದ ಅವಳಿಗೆ ಕರೆ ಬರುವುದು ನಿಂತಿತು. ಅವಳೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಅಜ್ಜನ ಮಣೆಯ ಮುಂದೆ ದಿನವೂ ಒಂದು ಬಟ್ಟಲು ಗಂಜಿ ಇಡುತ್ತಿದ್ದಳು, ತಣಿದ ಮೇಲೆ ನಮಗೇ ಕುಡಿಸುತ್ತಿದ್ದಳು. ಅಟ್ಟ ಹತ್ತಲು ಮಾತ್ರ ನಮಗೆಲ್ಲ ಹೆದರಿಕೆ. ಅವಳು ಕುಂಕುಮವಿಟ್ಟುಕೊಂಡೇ ತೀರಿಕೊಂಡ ದಿನ ಅಮ್ಮ ಆ ಗೊಂಬೆಯನ್ನು ಇಳಿಸಿ, ಜೇಡರಬಲೆ ಒರೆಸಿ, ಚಟ್ಟದಲ್ಲಿ ಅವಳ ಪಕ್ಕಕ್ಕೆ ಮಲಗಿಸಿದಳು. "ಇನ್ ಇಬ್ರೂ ಒಟ್ಟಿಗೆ ಹೋಯ್ಲಿ," ಎಂದಳು.

ಆ ಅಮ್ಮನೂ ಕೊರೋನಾದಲ್ಲಿ ಹೋದಳು. ನಾನು ಹೊರಡಲು ವಿಮಾನವಿರಲಿಲ್ಲ. ತಮ್ಮ ಫೋನಿನಲ್ಲಿ ತೋರಿಸಿದ್ದು ಅವಳ ಮುಖವನ್ನಲ್ಲ, ಜಿಪ್ ಎಳೆದ ಚೀಲವನ್ನು. ನಾನು ನರ್ಸು. ಅಂಥ ಜಿಪ್ಪುಗಳನ್ನು ಎಳೆದೂ ಎಳೆದೂ, ಇಲ್ಲಿನ ಮಕ್ಕಳಿಗೆ ಅವರವರ ಅಮ್ಮಂದಿರನ್ನು ಫೋನಿನಲ್ಲಿ ತೋರಿಸಿಯೂ ತೋರಿಸಿಯೂ ನನಗೆ ಸಾಕಾಗಿಹೋಗಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ. "ಅಕ್ಕ, ಅಲ್ಲೇ ತಲಿ ಮೇಲ್ ನೀರ್ ಹೊಯ್ಕೊ," ಎಂದ ತಮ್ಮ. ದಿನವೂ ವಾರ್ಡಿನಿಂದ ಬಂದ ಕೂಡಲೇ ತಲೆಗೆ ಸ್ನಾನ ಮಾಡುತ್ತಿದ್ದವಳು ಅಂದು ಮಾಡಲಿಲ್ಲ. ನದಿದಂಡೆಗೆ ಹೋಗಿ ಕೂತೆ.

"ಅಮ್ಮಾ, ಆರ್ ಯೂ ಗ್ರ್ಯಾಂಡ್?" ಆರಾಮಿದ್ದೀಯಾ ಎಂದು ಮಗಳು ಇಲ್ಲಿನವರ ಧಾಟಿಯಲ್ಲಿ ಕೇಳಿದಾಗಲೇ ಕೈ ನೋಡಿಕೊಂಡದ್ದು. ದಂಡೆಯ ಹುಲ್ಲನ್ನು ಹೊಸೆದು, ತಲೆ ಕಟ್ಟಿ, ಸೊಂಟವನ್ನೂ ಕಟ್ಟಿದ್ದೆ.

ಅದನ್ನು ಸುಡಲಿಲ್ಲ. ನಮ್ಮ ಅಪಾರ್ಟ್‌ಮೆಂಟಿಗೆ ಅಟ್ಟವಿಲ್ಲ, ಫ್ರಿಜ್ಜಿನ ಮೇಲಿಟ್ಟಿದ್ದೇನೆ. ಅಮ್ಮನ ಮುಖವನ್ನು ಯಾರಾದರೂ ತೋರಿಸಲಿ, ಆಮೇಲೆ ನೋಡೋಣ.